ವರದಕ್ಷಿಣೆ ಪಾಲಲ್ಲ, ಪಾಲು ಭಿಕ್ಷೆಯಲ್ಲ



ನಗರ ಬೆಳೆಯುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಯಾರು ದುಡಿದ ನೆಲದ ಮೇಲೆ ಬೆಳೆಯುತ್ತಿದೆ, ಆ ನೆಲದ ಹಣ ಯಾರ ಕೈ ಸೇರುತ್ತಿದೆ ಎಂದು ಕೇಳುವವರಿಲ್ಲ. ನಾವು ಕೇಳೋಣ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದರು. ನನ್ನ ತವರು ಆ ಹಳ್ಳಿಗಳಲ್ಲಿ ಒಂದು. ರಾಗಿ, ಅವರೆ ಬೆಳೆದ ಹೊಲದಲ್ಲಿ ಈಗ ಸೈಟುಗಳು, ಅಪಾರ್ಟ್‌ಮೆಂಟುಗಳು. ಅಲ್ಲಿ ಕಳೆ ಕಿತ್ತವರು, ಗೊಬ್ಬರ ಹೊತ್ತವರು ಹೆಂಗಸರು. ಹೊಲ ಮಾರಿದಾಗ ಲೆಕ್ಕಕ್ಕೆ ಕೂತವರು ಗಂಡಸರು. ನಮ್ಮನ್ನು ಕರೆದದ್ದು ಒಂದೇ ಕೆಲಸಕ್ಕೆ: ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು. "ನಿನ್ನ ಮದುವೆಗೆ ಅಷ್ಟು ಖರ್ಚು ಮಾಡಿಲ್ಲವೇನಮ್ಮ? ಅದೇ ನಿನ್ನ ಪಾಲು" ಎಂದರು ಅಣ್ಣಂದಿರು. ನಾನು ಸಹಿ ಹಾಕಲಿಲ್ಲ. ಮೂರು ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ.

ಆ ಮಾತನ್ನು ಬಿಡಿಸಿ ನೋಡೋಣ. ಮದುವೆಗೆ ಕೊಟ್ಟದ್ದು ನನ್ನ ಕೈಗೆ ಬಂತೇ? ನಗದು ಮಾವನಿಗೆ, ಬೈಕು ಗಂಡನಿಗೆ, ಉಳಿದದ್ದು ಛತ್ರದವರಿಗೆ. ಒಡವೆ ಗಿರವಿ ಅಂಗಡಿಗೆ. ಅಣ್ಣಂದಿರು ತಮ್ಮ ಪಾಲನ್ನೂ ಹೀಗೆ ಬೇರೆಯವರ ಕೈಗೆ ಕೊಡಿಸಿಕೊಳ್ಳುತ್ತಾರೆಯೇ?

ಕಾನೂನು ಏನನ್ನುತ್ತದೆ? 1961ರ ಕಾಯ್ದೆಯಂತೆ ವರದಕ್ಷಿಣೆ ಅಪರಾಧ. ಯಾರಾದರೂ ಪಡೆದಿದ್ದರೂ ಅದನ್ನು ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕು. ಪಾಲಿನ ಮಾತು ಬೇರೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಿದ್ದೂ ಸಹಿಗೆ ಅಷ್ಟು ಅವಸರವೇಕೆ? ಹಕ್ಕು ಇಲ್ಲದವಳ ಸಹಿ ಯಾರಿಗೂ ಬೇಕಾಗುವುದಿಲ್ಲ!

"ಪಾಲು ಕೇಳಿದರೆ ತವರು ತಪ್ಪುತ್ತದೆ" ಎಂದು ಹೆದರಿಸುತ್ತಾರೆ. ಗಂಡ ಹೊಡೆದ ರಾತ್ರಿ ಬಾಗಿಲು ತಟ್ಟಿದರೆ "ಹೊಂದಿಕೊಂಡು ಹೋಗು" ಎಂದು ಬೆಳಗಿನ ಬಸ್ಸಿಗೆ ಹತ್ತಿಸುವ ತವರು ನಮಗೆ ಯಾವಾಗ ದಕ್ಕಿತ್ತು? ಈ ನಗರದಲ್ಲಿ ಒಂದು ಕೋಣೆಯ ಬಾಡಿಗೆ, ಅಡ್ವಾನ್ಸು ಹೊಂದಿಸಲಾಗದೆ ಎಷ್ಟು ಹೆಂಗಸರು ಏಟು ತಿನ್ನುತ್ತಾ ಅದೇ ಮನೆಯಲ್ಲಿದ್ದಾರೆ! ತನ್ನ ಹೆಸರಿನ ಒಂದು ಸೂರು ಅವಳ ಜೀವ ಉಳಿಸುತ್ತದೆ.

ಇನ್ನೊಂದು ಅಪಾಯವೂ ಇದೆ. ನೆಲದ ಬೆಲೆ ಏರಿದಂತೆ ಅತ್ತೆಮನೆಯ ಆಸೆಯೂ ಏರಿದೆ. ವರದಕ್ಷಿಣೆಗೆ ಈಗ 'ಗಿಫ್ಟ್', 'ಫ್ಲ್ಯಾಟಿಗೆ ಅಡ್ವಾನ್ಸ್' ಎಂಬ ಹೊಸ ಹೆಸರುಗಳು. "ನಿಮ್ಮಪ್ಪನಿಗೆ ಹೊಲದ ದುಡ್ಡು ಬಂದಿದೆಯಂತಲ್ಲ, ತಗೊಂಡು ಬಾ" ಎಂದು ಹಿಂಸೆ ಕೊಡುವುದು ಪಾಲು ಕೇಳುವುದಲ್ಲ, ಅದು ಶುದ್ಧ ವರದಕ್ಷಿಣೆ ದೌರ್ಜನ್ಯ. ಪಾಲು ಬಂದರೆ ನಮ್ಮ ಹೆಸರಿಗೇ, ನಮ್ಮ ಖಾತೆಗೇ ಬರಬೇಕು.

ಸಂಘದಲ್ಲಿ ಮೂರು ಠರಾವು ಮಾಡೋಣ. ವರದಕ್ಷಿಣೆಗೆ ಸಂಘದ ಸಾಲವಿಲ್ಲ. ಸದಸ್ಯೆಯ ಮುಂದೆ ಯಾರಾದರೂ ಪತ್ರ ಹಿಡಿದರೆ, ಅದನ್ನು ಓದಿಸಿ, ವಕೀಲರಿಗೆ ತೋರಿಸುವ ತನಕ ಸಹಿಯಿಲ್ಲ. ಏಟು ತಿಂದು ಬಂದವಳಿಗೆ ಉಪದೇಶವಿಲ್ಲ. ಜೊತೆಗೆ ಹೋಗೋಣ, 181ಕ್ಕೆ ಕರೆ ಮಾಡೋಣ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ, ಮನೆ ತನ್ನ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎಂದು ಅವಳಿಗೆ ತಿಳಿಸೋಣ.

ಹೆಬ್ಬೆಟ್ಟು ಒತ್ತುತ್ತಿದ್ದ ನಾವು ಸಹಿ ಕಲಿತದ್ದು ಸಂಘದಲ್ಲಿ. ಆ ಸಹಿಯನ್ನು ನಮ್ಮ ವಿರುದ್ಧವೇ ಯಾಕೆ ಹಾಕಬೇಕು?