ಕುದುರೆಮರಿಯ ಬೆನ್ನೇರಲು ಅವಸರ ಬೇಡ



ಆಡಿ ಮಾಸದಲ್ಲಿ ನಡೆಯುವ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ದನಗಳ ಜೊತೆಗೆ ಕುದುರೆಗಳೂ ಮಾರಾಟಕ್ಕೆ ಬರುವುದನ್ನು ನಮ್ಮ ಹೊಸೂರು, ತಾಳವಾಡಿ ಕಡೆಯವರು ಬಲ್ಲರು. ಎತ್ತು ಕೊಳ್ಳಲು ಹೋದವರು ಮಕ್ಕಳ ಹಟಕ್ಕೆ ಸೋತು ಒಂದು ತಟ್ಟುಮರಿಯನ್ನು ಹಿಡಿದುಕೊಂಡು ಬರುವುದುಂಟು. ಮದುವೆ ಮೆರವಣಿಗೆಗೆ, ಜಾತ್ರೆಯಲ್ಲಿ ಮಕ್ಕಳ ಸವಾರಿಗೆ ಬಾಡಿಗೆಗೆ ಬಿಡಬಹುದೆಂದು ಲೆಕ್ಕಹಾಕಿ ತರುವವರೂ ಇದ್ದಾರೆ. ತಂದದ್ದು ತಪ್ಪಲ್ಲ. ತಂದ ವಾರದಲ್ಲೇ ಅದರ ಬೆನ್ನಿನ ಮೇಲೆ ಹುಡುಗನನ್ನು ಕೂರಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಹತ್ತು ವರ್ಷದವನಿದ್ದಾಗ ನಮ್ಮ ಮನೆಗೆ ಒಂದು ಕಂದು ತಟ್ಟು ಬಂತು. ಅದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಅದನ್ನು ‘ಬಗ್ಗಿಸಲು’ ಪಕ್ಕದ ಊರಿನಿಂದ ಒಬ್ಬರನ್ನು ಕರೆಸಿದರು. ಅವರು ಒಂದು ದಿನ ಮೇವು ನೀರು ಕೊಡದೆ ಕಟ್ಟಿಹಾಕಿದರು. ಮಾರನೆಯ ದಿನ ಉತ್ತ ಹೊಲಕ್ಕೆ ಒಯ್ದು, ಜೀನು ಬಿಗಿದು, ಮೇಲೆ ಕುಳಿತು, ಬಾಯಲ್ಲಿ ನೊರೆ ಬಂದು ಕಾಲು ನಡುಗುವವರೆಗೆ ಓಡಿಸಿದರು. ಮೂರೇ ದಿನದಲ್ಲಿ ಕುದುರೆ ಸಾಧುವಾಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆರು ತಿಂಗಳಾಗುವಷ್ಟರಲ್ಲಿ ಅದು ಜೀನು ಕಂಡರೆ ಕಿವಿಗಳನ್ನು ಹಿಂದಕ್ಕೆ ಒತ್ತಿ ಕಚ್ಚಲು ಬರುತ್ತಿತ್ತು. ಬೆನ್ನು ಮುಟ್ಟಿದರೆ ಸೊಂಟ ಕುಗ್ಗಿಸುತ್ತಿತ್ತು. ಒಂದು ಸಂಜೆ ನನ್ನ ತಮ್ಮನನ್ನು ಕೆಡವಿತು. ಅವನ ಬಲಗೈ ಇಂದಿಗೂ ಮೊಣಕೈ ಹತ್ತಿರ ಪೂರ್ತಿ ನೇರವಾಗುವುದಿಲ್ಲ. ಕುದುರೆಗೆ ಪೊಗರು ಎಂದು ಹೆಸರು ಬಂತು, ಅಪ್ಪ ಸಿಕ್ಕಿದ ಬೆಲೆಗೆ ಕೊಟ್ಟುಬಿಟ್ಟರು. ಅದಕ್ಕೆ ಬೆನ್ನು ನೋಯುತ್ತಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಇಪ್ಪತ್ತು ವರ್ಷದ ಮೇಲೆ, ಪಶುವೈದ್ಯರೊಬ್ಬರು ಬೇರೆಯವರ ಕುದುರೆಯ ಬೆನ್ನನ್ನು ಬೆರಳಿನಿಂದ ಒತ್ತಿ, ಅದು ಕುಗ್ಗುವುದನ್ನು ತೋರಿಸಿದಾಗ.

ನಮ್ಮವರಿಗೆ ಪ್ರಾಣಿಗೆ ಕೆಲಸ ಕಲಿಸುವುದು ಗೊತ್ತಿಲ್ಲವೆಂದಲ್ಲ. ಹೋರಿಯನ್ನು ಯಾವ ರೈತನೂ ಮೊದಲ ದಿನವೇ ನೇಗಿಲಿಗೆ ಹೂಡುವುದಿಲ್ಲ. ಹಳೆಯ ಎತ್ತಿನ ಜೊತೆ ಬರೀ ನೊಗ ಕಟ್ಟಿ ನಡೆಸುತ್ತಾನೆ, ಆಮೇಲೆ ಒಂದು ಮರದ ತುಂಡನ್ನು ಎಳೆಸುತ್ತಾನೆ, ಆಮೇಲೆ ಖಾಲಿ ಗಾಡಿ. ಕುದುರೆ ಎಂದ ಕೂಡಲೇ ಈ ಬುದ್ಧಿಯೆಲ್ಲ ಎಲ್ಲಿ ಹೋಗುತ್ತದೋ! ಸಿನಿಮಾದಲ್ಲಿ ನಾಯಕ ನೆಗೆದು ಕೂರುವುದನ್ನು ನೋಡಿ ಕಲಿತದ್ದಿರಬೇಕು. ನಮ್ಮ ಮತ್ತಿಗಿರಿಯ ದನದ ಫಾರಂ 1824ರಲ್ಲಿ ಆರಂಭವಾದದ್ದೇ ಸೈನ್ಯಕ್ಕೆ ಕುದುರೆ ಬೆಳೆಸಲು. ಆದರೆ ಆ ವಿದ್ಯೆ ಬೇಲಿ ದಾಟಿ ನಮ್ಮ ಕೊಟ್ಟಿಗೆಗಳಿಗೆ ಬಂದಂತೆ ಕಾಣುವುದಿಲ್ಲ.

ಎತ್ತು ಭಾರವನ್ನು ಹೆಗಲಿನಿಂದ ಎಳೆಯುತ್ತದೆ. ಸವಾರನ ಭಾರವಾದರೋ ಕುದುರೆಯ ಬೆನ್ನಿನ ನಡುವೆ ಬೀಳುತ್ತದೆ. ಮುಂಗಾಲು, ಹಿಂಗಾಲು ಎಂಬ ಎರಡು ಕಂಬಗಳ ಮೇಲೆ ಹಾಸಿದ ತೊಲೆಯಂತಿರುವ ಆ ಬೆನ್ನಿಗೆ ನಡುವೆ ಆಸರೆ ಇಲ್ಲ. ಎಳೆಯ ಕುದುರೆಯ ಮೂಳೆಗಳ ತುದಿಯಲ್ಲಿ ಬೆಳೆಯುತ್ತಿರುವ ಮೃದ್ವಸ್ಥಿಯ ಪದರವಿರುತ್ತದೆ. ಗೊರಸಿನ ಹತ್ತಿರದ ಮೂಳೆಗಳಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಮುಂಗಾಲಿನ ಮೊಣಕಾಲ ಮೇಲೆ ಗಟ್ಟಿಯಾಗಲು ಸುಮಾರು ಎರಡೂವರೆ ವರ್ಷ ಬೇಕು. ಎಲ್ಲಕ್ಕಿಂತ ಕೊನೆಗೆ ಬಲಿಯುವುದು ಬೆನ್ನೆಲುಬು, ಐದು ವರ್ಷ ದಾಟಿದ ಮೇಲೆ. ‘ಇದು ಕುಳ್ಳ ಜಾತಿ, ಬೇಗ ಬಲಿಯುತ್ತದೆ’ ಎಂಬ ಮಾತು ನಿಜವಲ್ಲ. ತಟ್ಟುವಿಗೂ ಅಷ್ಟೇ ಕಾಲ ಬೇಕು.

ವಯಸ್ಸಿನ ವಿಷಯದಲ್ಲಿ ಮಾರುವವನ ಮಾತನ್ನು ನಂಬಬೇಡಿ, ಎತ್ತಿಗೆ ನೋಡುವಂತೆ ಹಲ್ಲು ನೋಡಿ. ಹಾಲುಹಲ್ಲು ಚಿಕ್ಕದು, ಬೆಳ್ಳಗಿರುತ್ತದೆ. ಹೊಸ ಹಲ್ಲು ಅಗಲ, ಸ್ವಲ್ಪ ಹಳದಿ. ನಡುವಿನ ಎರಡು ಹಲ್ಲು ಸುಮಾರು ಎರಡೂವರೆ ವರ್ಷಕ್ಕೆ ಬದಲಾಗುತ್ತವೆ, ಅವುಗಳ ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ. ಪಕ್ಕದ ಹಲ್ಲುಗಳು ಚೆನ್ನಾಗಿ ಬರುವವರೆಗೆ, ಅಂದರೆ ನಾಲ್ಕರ ಹತ್ತಿರಕ್ಕೆ ಬರುವವರೆಗೆ, ಬೆನ್ನೇರುವ ಮಾತೇ ಬೇಡ ಎನ್ನುತ್ತೇನೆ. ಆಮೇಲೂ ಒಂದು ವರ್ಷ ಹಗುರ ಸವಾರಿ ಮಾತ್ರ.

“ನಾಲ್ಕು ವರ್ಷ ಸುಮ್ನೆ ಹುಲ್ಲು ಹಾಕಿ ಸಾಕೋಕೆ ನಾವೇನು ಮಹಾರಾಜರಾ ಮಾವ?” ಎಂದು ನಮ್ಮೂರಿನ ಹುಡುಗನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಚೆನ್ನಾಗಿ ನೋಡಿಕೊಂಡ ತಟ್ಟು ಇಪ್ಪತ್ತೈದು ವರ್ಷ ಬದುಕುತ್ತದೆ. ನಾಲ್ಕಕ್ಕೆ ಶುರುಮಾಡಿದ್ದು ಇಪ್ಪತ್ತರವರೆಗೆ ದುಡಿದರೆ ಹದಿನಾರು ವರ್ಷವಾಯಿತು. ಎರಡಕ್ಕೇ ಶುರುಮಾಡಿ ಎಂಟಕ್ಕೆ ಕುಂಟಿದರೆ ಆರು. ಲೆಕ್ಕ ಅವನೇ ಮಾಡಿಕೊಳ್ಳಲಿ. ಅಲ್ಲದೆ ಈ ವರ್ಷಗಳು ಸುಮ್ಮನೆ ಕಳೆಯುವವೂ ಅಲ್ಲ. ಕಲಿಸಬೇಕಾದದ್ದರಲ್ಲಿ ಮುಕ್ಕಾಲು ಪಾಲು ನೆಲದ ಮೇಲೆ ನಿಂತೇ ಕಲಿಸುವಂಥದ್ದು.

ಮೊದಲು ಮುಖದ ಹಗ್ಗ. ಕಡಿವಾಣ ಆಗಲೇ ಬೇಡ, ಹಲ್ಲು ಬದಲಾಗುವ ಬಾಯಿಗೆ ಕಬ್ಬಿಣ ತಾಗಿದರೆ ನೋಯುತ್ತದೆ. ಹಗ್ಗವನ್ನು ಮೆಲ್ಲಗೆ ಎಳೆದಾಗ ಮರಿ ಒಂದು ಹೆಜ್ಜೆ ಇಟ್ಟಿತೋ, ಆ ಕ್ಷಣವೇ ಸಡಿಲ ಬಿಡಬೇಕು. ಆ ಸಡಿಲವೇ ಅದಕ್ಕೆ ಸಿಗುವ ಕೂಲಿ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಿದ್ದರೆ ಕೂಲಿ ಕೊಡದ ಯಜಮಾನನಾಗುತ್ತೀರಿ, ಅದು ಕೆಲಸ ಬಿಡುತ್ತದೆ. ಕುತ್ತಿಗೆ, ಎದೆ, ಹೊಟ್ಟೆಯ ಕೆಳಗೆ, ತೊಡೆಯ ಒಳಗೆ, ಎಲ್ಲ ಕಡೆ ಕೈಯಾಡಿಸಿ ಅಭ್ಯಾಸ ಮಾಡಿಸಿ. ನಾಲ್ಕು ಗೊರಸನ್ನೂ ದಿನಕ್ಕೊಮ್ಮೆ ಎತ್ತಿಸಿ, ಲಾಳ ಹೊಡೆಯುವವನು ನಿಮಗೆ ಋಣಿಯಾಗುತ್ತಾನೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ನೇರ ಹಿಂದೆ ಇರುವುದು, ಮೂಗಿನ ತುದಿಯ ಮುಂದೆ ಇರುವುದು ಅದಕ್ಕೆ ಕಾಣದು. ಎಡಗಡೆಯಿಂದ ಕಲಿಸಿದ್ದನ್ನು ಬಲಗಡೆಯಿಂದ ಮತ್ತೆ ಹೊಸದಾಗಿ ಕಲಿಸಬೇಕು. ಒಂದು ಕಡೆ ಸಾಧು, ಇನ್ನೊಂದು ಕಡೆ ಒದೆ ಎಂದು ದೂರುವವರು ಇದನ್ನು ಮರೆತಿರುತ್ತಾರೆ.

ಮೂರನೆಯ ವರ್ಷದಲ್ಲಿ ಎರಡು ಉದ್ದ ಹಗ್ಗ ಕಟ್ಟಿ, ಉಳುವಾಗ ಎತ್ತಿನ ಹಿಂದೆ ನಡೆಯುವಂತೆ, ಒದೆ ತಾಗದಷ್ಟು ದೂರದಲ್ಲಿ ಹಿಂದೆ ನಡೆದು ಕಲಿಸಬಹುದು. ತಿರುಗು, ನಿಲ್ಲು, ಹೊರಡು ಎಂಬುದನ್ನೆಲ್ಲ ಬೆನ್ನಿನ ಮೇಲೆ ಯಾರೂ ಇಲ್ಲದೆಯೇ ಅದು ಕಲಿಯುತ್ತದೆ. ಬಸ್ಸು, ನಾಯಿ, ಹಾರುವ ಪ್ಲಾಸ್ಟಿಕ್ ಚೀಲ, ಚರ್ಚಿನ ಗಂಟೆ ಇವೆಲ್ಲಕ್ಕೂ ಒಗ್ಗಲಿ. ಜೊತೆಗೆ ಒಂದು ಹಳೆಯ, ಹೆದರದ ಪ್ರಾಣಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಗರಿಗಳ ಭಾನುವಾರದ ವಾಚನ ಕೇಳುವಾಗ ನನಗೆ ಪ್ರತಿ ವರ್ಷ ಇದೇ ನೆನಪು. ಯಾರೂ ಹತ್ತಿರದ ಕತ್ತೆಮರಿ, ದಾರಿಯುದ್ದಕ್ಕೂ ಹಾಸಿದ ಬಟ್ಟೆ, ಬೀಸುವ ಗರಿ, ಕೂಗುವ ಜನ! ಪ್ರಾಣಿ ಕಲಿಸಿದವರಿಗೆ ಗೊತ್ತು ಅದೆಷ್ಟು ದೊಡ್ಡ ವಿಷಯವೆಂದು. ತಾಯಿಕತ್ತೆಯೂ ಜೊತೆಗಿತ್ತೆಂದು ಸಂತ ಮತ್ತಾಯರು ಬರೆದಿದ್ದಾರೆ. ನಮಗಂತೂ ಆ ಜೊತೆ ಬೇಕೇ ಬೇಕು.

ಬೆನ್ನಿಗೆ ಮೊದಲು ಖಾಲಿ ಗೋಣಿಚೀಲ. ಮೂಸಲು ಬಿಡಿ, ಮೈಗೆ ಸವರಿ, ಆಮೇಲೆ ಬೆನ್ನಿನ ಮೇಲಿಡಿ. ಕೆಲವು ದಿನ ಕಳೆದ ಮೇಲೆ ಜೀನು. ಹೊಟ್ಟೆಯ ಪಟ್ಟಿಯನ್ನು ಒಂದೇ ಸಲ ಬಿಗಿಯಬೇಡಿ, ಒಂದೊಂದೇ ತೂತು. ಆಮೇಲೆ ಮನುಷ್ಯ. ಒಬ್ಬರು ತಲೆಯ ಹತ್ತಿರ ನಿಂತಿರಲಿ, ಇನ್ನೊಬ್ಬರು ಗೋಣಿಯ ಹಾಗೆ ಬೆನ್ನಿಗೆ ಅಡ್ಡಲಾಗಿ ಒರಗಿ, ನಿಮಿಷದೊಳಗೆ ಇಳಿಯಲಿ. ಆ ದಿನಕ್ಕೆ ಅಷ್ಟೇ.  ಬಾಲ ಬೀಸಿ, ಕಿವಿ ಹಿಂದಕ್ಕೊತ್ತಿ, ಕಣ್ಣಿನ ಬಿಳುಪು ಕಾಣಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಕಡಿವಾಣವನ್ನು ಹಾಕುವಾಗ, ಪುಷ್ಯ ಮಾಸದ ನಮ್ಮ ಚಳಿಯಲ್ಲಿ, ಕಬ್ಬಿಣವನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಪಾಠ ಹತ್ತು ಹದಿನೈದು ನಿಮಿಷ ಮೀರದಿರಲಿ. ಸಿಟ್ಟು ಬಂದ ದಿನ ಪಾಠವೇ ಬೇಡ. ಸುಮಾರು 2,350 ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫೋನ್ ಎಂಬ ಸೇನಾನಿ ಕುದುರೆ ಸವಾರಿಯ ಬಗ್ಗೆ ಬರೆದ ಪುಸ್ತಕದಲ್ಲೂ ಇದೇ ಎಚ್ಚರಿಕೆ ಇದೆ. ಇನ್ನೂ ನಾವು ಕಲಿಯಲಿಲ್ಲ.

ಭಾರದ ವಿಷಯ ಚಿಕ್ಕದಾಗಿ. ಕುದುರೆಯ ತೂಕದ ಐದನೆಯ ಒಂದು ಪಾಲು, ಜೀನೂ ಸೇರಿ, ಸಾಕು. 200 ಕೆ.ಜಿ. ತಟ್ಟುವಿಗೆ 40 ಕೆ.ಜಿ. ಹೇರಿನ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳಲ್ಲಿ ತಟ್ಟುವಿನ ಬೆನ್ನಿನ ಹೇರಿಗೆ 70 ಕೆ.ಜಿ. ಮಿತಿ ಇದೆ, ಮುಳ್ಳಿನ ಕಡಿವಾಣವನ್ನೂ ಅವು ನಿಷೇಧಿಸುತ್ತವೆ. ಜಾತ್ರೆಗಳಲ್ಲಿ ಮೂರು ಮಕ್ಕಳನ್ನು ಒಟ್ಟಿಗೆ ಕೂರಿಸುವವರು ಇದನ್ನು ಕೇಳಿಸಿಕೊಳ್ಳಲಿ.

ಇನ್ನು ನಮ್ಮ ಮಕ್ಕಳು. ಕಲಿಯದ ಕುದುರೆಯ ಮೇಲೆ ಕಲಿಯದ ಮಗುವನ್ನು ಕೂರಿಸಲೇಬೇಡಿ. ಮೊದಲ ತಿಂಗಳುಗಳಲ್ಲಿ ಅನುಭವವಿರುವ, ಹಗುರ ಮೈಯ ದೊಡ್ಡ ಹುಡುಗನೋ ಹುಡುಗಿಯೋ ಏರಲಿ. ತಲೆಗೆ ಹೆಲ್ಮೆಟ್ ಬೇಕು. ಕೈ ಮುರಿದರೆ ಕೂಡುತ್ತದೆ, ತಲೆಯ ಪೆಟ್ಟು ಹಾಗಲ್ಲ. ರಿಕಾಪಿನಲ್ಲಿ ಪಾದ ಸಿಕ್ಕಿಕೊಳ್ಳದಂತೆ ಹಿಮ್ಮಡಿ ಇರುವ ಬೂಟು ಹಾಕಿಸಿ, ಚಪ್ಪಲಿ ಬೇಡ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲು ಬಿಡಬೇಡಿ. ಧನುರ್ವಾಯುವಿನ ಬೀಜಾಣು ಕುದುರೆಲದ್ದಿ ಬೆರೆತ ಮಣ್ಣಿನಲ್ಲಿರುತ್ತದೆ, ಕುದುರೆಗೂ ಆ ರೋಗ ಸುಲಭವಾಗಿ ತಗಲುತ್ತದೆ. ಕುದುರೆಗೆ ಪಶುವೈದ್ಯರಿಂದ ಲಸಿಕೆ ಹಾಕಿಸಿ. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನ ಟಿ.ಡಿ. ಚುಚ್ಚುಮದ್ದು ಆಗಿದೆಯೇ ನೋಡಿ. ಗಾಯವಾದರೆ ಸೋಪು ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ ಮೆತ್ತಿ ಕೂರಬೇಡಿ.

ನಮ್ಮ ಕೊಟ್ಟಿಗೆಯಲ್ಲಿ ಈಗಿರುವ ಹೆಣ್ಣುಮರಿಗೆ ನಡುವಿನ ಎರಡು ಹಲ್ಲು ಬದಲಾಗಿವೆ, ಪಕ್ಕದವು ಇನ್ನೂ ಅಲುಗಿಲ್ಲ. “ತಾತ, ಇವತ್ತು ಹತ್ತಲಾ?” ಎಂದು ಮೊಮ್ಮಗಳು ದಿನವೂ ಕೇಳುತ್ತಾಳೆ. ಸದ್ಯಕ್ಕೆ ಅದರ ಮೈ ಉಜ್ಜುವ ಕೆಲಸ ಕೊಟ್ಟಿದ್ದೇನೆ. ಅವಳು ಬಂದ ಸದ್ದಿಗೇ ಮರಿ ಈಗ ಕೆನೆಯುತ್ತದೆ.