ಉಂಡವರ ಲೆಕ್ಕ

ಬ್ರಹ್ಮಾವರಕ್ಕೆ ಸಮೀಪದ ಬಾರಕೂರು ಶಾಸನಗಳ ಊರು. ಒಂದು ಕಾಲಕ್ಕೆ ಆಳುಪರ ರಾಜಧಾನಿಯಾಗಿದ್ದ ಆ ಊರಿನ ಕಲ್ಲುಗಳು ದಾನ ಕೊಟ್ಟವರು ಯಾರು, ಕೊಟ್ಟ ಭೂಮಿ ಎಷ್ಟು ಎಂಬುದನ್ನು ಇಂದಿಗೂ ಸಾರುತ್ತವೆ. ಆ ದಾನದಿಂದ ಉಂಡು ತಣಿದವರ ಹೆಸರು ಮಾತ್ರ ಯಾವ ಕಲ್ಲಿನಲ್ಲಿಯೂ ಇಲ್ಲ.

ಅದೇ ಬಾರಕೂರಿನಲ್ಲಿ 1935ರಲ್ಲಿ ಜನಿಸಿದ ಪೆರ್ಡೂರು ರಾಧಾಕಾಂತ ಅಡಿಗರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಹೆಸರಾಂತ ಜೀವರಸಾಯನ ವಿಜ್ಞಾನಿಯಾದರು. ಅವರ ಬಾಳಿನ ಕೆಲಸವನ್ನು ಅಳೆಯಹೊರಟವರಿಗೂ ಎದುರಾಗುವುದು ಇದೇ ತೊಡಕು.

ವಿಜ್ಞಾನಿಯ ಯೋಗ್ಯತೆಯನ್ನು ಎರಡು ಪ್ರಶ್ನೆಗಳಿಂದ ಅಳೆಯುವುದು ಇಂದಿನ ವಾಡಿಕೆ. ಆತ ಪ್ರಕಟಿಸಿದ ಪ್ರಬಂಧಗಳೆಷ್ಟು? ಅವುಗಳನ್ನು ಇತರರು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದುದು ಎಷ್ಟು ಬಾರಿ? ಉಲ್ಲೇಖವೆಂದರೆ ಋಣವನ್ನು ಒಪ್ಪಿಕೊಳ್ಳುವ ರೀತಿ. ‘ಈ ಮಾತು ಇವರಿಂದ ಪಡೆದದ್ದು’ ಎಂಬ ಪ್ರಾಮಾಣಿಕ ನುಡಿ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಎಂಬಾತ ಈ ಋಣಗಳನ್ನೆಲ್ಲ ಒಂದೆಡೆ ಬರೆದಿಡುವ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಎಂಬ ಬೃಹತ್ ಸೂಚಿಯನ್ನು 1964ರಲ್ಲಿ ಆರಂಭಿಸಿದನು. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಅದರ ಮೇಲೊಂದು ಸುಲಭಸೂತ್ರವನ್ನು ಕಟ್ಟಿದನು: ಒಬ್ಬನ 20 ಪ್ರಬಂಧಗಳು ತಲಾ 20 ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ 20. ಇದಕ್ಕೆ ‘ಎಚ್ ಸೂಚ್ಯಂಕ’ವೆಂದು ಹೆಸರು.

ಗಾರ್‌ಫೀಲ್ಡನ ಸೂಚಿ ಹೊರಟ ಆ 1964ರಲ್ಲಿಯೇ ‘ಬಯೋಕೆಮಿಸ್ಟ್ರಿ’ ಎಂಬ ಪತ್ರಿಕೆಯಲ್ಲಿ ಐದು ಪುಟಗಳ ಪ್ರಬಂಧವೊಂದು ಪ್ರಕಟವಾಯಿತು. ಬರೆದವರು ಎಸ್. ಎಲ್. ಎನ್. ರಾವ್, ಅಡಿಗ ಮತ್ತು ಪಿ. ಎಸ್. ಶರ್ಮ. ವಿಷಯ ಕೇಸರಿ ಬೇಳೆಯ ವಿಷ.

ತೊಗರಿಯ ಬೇಳೆಯಲ್ಲಿ ಕಲಬೆರಕೆಯಾಗಿ ಬರುವುದೆಂದು ಗೃಹಿಣಿಯರು ಅಂಜುವ ಬೇಳೆಯಿದು. ಮಳೆ ಕೈಕೊಟ್ಟ ವರ್ಷ ಬೇರೆಲ್ಲ ಬೆಳೆ ಒಣಗಿದರೂ ಇದು ಬದುಕುತ್ತದೆ. ಆದುದರಿಂದಲೇ ಮಧ್ಯಭಾರತದ ಬಡವರಿಗೆ ಬರಗಾಲದಲ್ಲಿ ಇದೇ ಅನ್ನವಾಗಿದ್ದಿತು. ತಿಂಗಳುಗಟ್ಟಲೆ ಇದನ್ನೇ ಉಂಡವರಲ್ಲಿ ಕೆಲವರ ಕಾಲುಗಳು ಸೆಟೆದು, ಕೋಲಿಲ್ಲದೆ ನಡೆಯಲಾಗದಂತಾಗುತ್ತಿದ್ದಿತು. ಒಮ್ಮೆ ಹೋದ ನಡಿಗೆ ಮರಳಿ ಬರುತ್ತಿರಲಿಲ್ಲ. ಹೊಟ್ಟೆಯನ್ನು ಉಳಿಸಿದ ಕಾಳೇ ಕಾಲನ್ನು ಕಸಿಯುತ್ತಿದ್ದಿತು! ಆ ವಿಷವನ್ನು ಕಾಳಿನಿಂದ ಬೇರ್ಪಡಿಸಿ, ಅದರ ರಚನೆಯನ್ನು ತೋರಿಸಿಕೊಟ್ಟುದು ಆ ಐದು ಪುಟಗಳ ಸಾಧನೆ. ಅದೇ ವರ್ಷ ದೆಹಲಿಯ ಸಂಶೋಧಕರೂ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದಿದ್ದರು.

ವಿಷದ ಗುರುತು ಸಿಕ್ಕಿದ ಮೇಲೆ ಅದನ್ನು ಅಳೆಯುವುದು ಸಾಧ್ಯವಾಯಿತು. ಅಳೆಯಲು ಬಂದುದರಿಂದ ವಿಷ ಕಡಿಮೆಯಿರುವ ‘ರತನ್’, ‘ಪ್ರತೀಕ್’ ಮೊದಲಾದ ತಳಿಗಳನ್ನು ಆರಿಸಲು ದಾರಿಯಾಯಿತು. ಅದು ನೀರಿನಲ್ಲಿ ಕರಗುವುದರಿಂದ, ಬೇಳೆಯನ್ನು ನೆನೆಸಿ ಬೇಯಿಸಿ ನೀರನ್ನು ಬಸಿದರೆ ಬಹುಪಾಲು ಹೋಗುವುದೆಂಬುದೂ ತಿಳಿಯಿತು. ನರಗಳನ್ನು ಅಭ್ಯಸಿಸುವವರಿಗೂ, ಚೀನದ ಜಿನ್ಸೆಂಗ್ ಬೇರಿನಲ್ಲಿ ಅದೇ ವಸ್ತುವನ್ನು ಕಂಡವರಿಗೂ ಆ ಪ್ರಬಂಧ ಬೇಕಾಯಿತು. ಹೀಗೆ ಅದರ ಉಲ್ಲೇಖಗಳು ಅರ್ಧ ಶತಮಾನವನ್ನು ದಾಟಿ ನಡೆದಿವೆ.

ಆದರೆ ಹಿರ್ಶನ ಸೂತ್ರದಲ್ಲಿ ಈ ಪ್ರಬಂಧದ ಬೆಲೆಯೆಷ್ಟು? ಒಂದೇ ಒಂದು ಅಂಕ! ಒಂದು ಪ್ರಬಂಧ ನೂರು ಬಾರಿ ಉಲ್ಲೇಖಗೊಳ್ಳಲಿ, ಸಾವಿರ ಬಾರಿ ಉಲ್ಲೇಖಗೊಳ್ಳಲಿ, ಅದರಿಂದ ಸೂಚ್ಯಂಕಕ್ಕೆ ಒಂದಕ್ಕಿಂತ ಹೆಚ್ಚು ಸೇರದು.

ಅಡಿಗರು ಅಲ್ಲಿಗೆ ನಿಲ್ಲಲಿಲ್ಲ. ಕೋಳಿಯು ಮರಿಗಾಗಿ ಮೊಟ್ಟೆಯೊಳಗೆ ಜೀವಸತ್ವವನ್ನು ಕೂಡಿಡುವುದು ಹೇಗೆ ಎಂಬುದನ್ನು ಬೆನ್ನಟ್ಟಿ, ಅದನ್ನು ಹೊತ್ತೊಯ್ಯುವ ಪ್ರೋಟೀನುಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಗರ್ಭ ಧರಿಸಿದ ಸಸ್ತನಿಗಳಲ್ಲಿಯೂ ಅಂತಹುದೇ ಪ್ರೋಟೀನು ಇರುವುದನ್ನು ಅವರೂ ಅವರ ಶಿಷ್ಯರೂ ತೋರಿಸಿದರು. 1980ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಲಭಿಸಿತು. 2006ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಲೆಕ್ಕವೇ ಬೇಡವೆ? ಹಾಗೆನ್ನಲಾಗದು. ಕುಂದಾಪುರದಿಂದಲೋ ಬೈಂದೂರಿನಿಂದಲೋ ಬೆಂಗಳೂರಿಗೆ ಹೋಗಿ ಸಂಶೋಧನೆಗೆ ತೊಡಗುವ ಬಡಮನೆಯ ಮಗಳಿಗೆ ಶಿಫಾರಸು ಮಾಡುವವರಿರಲಾರರು. ಅವಳ ಪರವಾಗಿ ಮಾತನಾಡಲು ಆ ಅಂಕವಾದರೂ ಇರಲಿ. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೊರೆಯುವುದು ತಪ್ಪಲ್ಲ. ಕಲ್ಲಿನಲ್ಲಿ ಹೆಸರು ಬರಲೆಂದೇ ದಾನ ಮಾಡುವ ಬುದ್ಧಿ ಬಂದಾಗ ಮಾತ್ರ ಕೆಡುಕು ಮೊದಲಾಗುತ್ತದೆ. ಅಂಕ ಬೆಳೆಯಲೆಂದು ಒಂದು ಪ್ರಬಂಧವನ್ನು ಮೂರಾಗಿ ಸೀಳುವವರೂ, ಪರಸ್ಪರ ಉಲ್ಲೇಖಿಸಿಕೊಳ್ಳುವ ಸ್ನೇಹಕೂಟಗಳೂ ಹುಟ್ಟುವುದು ಆಗಲೇ.

ಕೇಸರಿ ಬೇಳೆಯ ರೋಗ ಇಂದು ಬಹಳ ಮಟ್ಟಿಗೆ ಇಳಿದಿದೆ. ಜನರಿಗೆ ಬೇರೆ ಆಹಾರ ದೊರೆತುದೂ ಸೇರಿದಂತೆ ಅದಕ್ಕೆ ಕಾರಣಗಳು ಹಲವು. ಆ ಐದು ಪುಟಗಳ ಪಾಲೂ ಅದರಲ್ಲಿದೆ. ಕೋಲಿಲ್ಲದೆ ಹೊಲಕ್ಕೆ ನಡೆದುಹೋಗುವ ರೈತನು ಯಾರನ್ನೂ ಉಲ್ಲೇಖಿಸುವುದಿಲ್ಲ. ಬಾರಕೂರಿನ ಹೆಸರನ್ನೂ ಅವನು ಕೇಳಿರಲಾರ. ಅವನ ನಡಿಗೆಯನ್ನು ಎಣಿಸುವ ಸೂಚಿ ಇನ್ನೂ ಹುಟ್ಟಬೇಕಾಗಿದೆ.