ಪಾಳಿಯ ಆಟಕ್ಕೆ ಯಾಕಿಷ್ಟು ಅವಸರ?

ಚದುರಂಗ, ಹುಲಿ-ಕುರಿ ಇವೆಲ್ಲ ಪಾಳಿಯ ಆಟಗಳು. ನಿಮ್ಮ ಪಾಳಿ ಬಂದಾಗ ನೀವು ಕಾಯಿ ನಡೆಸುವವರೆಗೆ ಆಟ ಮುಂದೆ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಈ ಜಾತಿಯ ದೊಡ್ಡ ಆಟ ‘ಸಿವಿಲೈಸೇಶನ್’. 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಇದನ್ನು ರೂಪಿಸಿದರು. ಕ್ರಿ.ಪೂ. 4000ದಲ್ಲಿ ಒಂದು ಊರು ಕಟ್ಟಿ ಆರಂಭಿಸಬೇಕು. ಬೇಸಾಯ, ಬರವಣಿಗೆ, ಸೈನ್ಯ ದಾಟಿ ಬಾಹ್ಯಾಕಾಶದವರೆಗೆ ಹೋಗಬಹುದು. ನಾಲ್ಕನೆಯ ಆವೃತ್ತಿಯಲ್ಲಿ ಭಾರತದ ನಾಯಕರಲ್ಲಿ ಅಶೋಕನೂ ಇದ್ದಾನೆ. ನಮ್ಮ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಶಾಸನ ಬರೆಸಿದ ಅದೇ ಅಶೋಕ! 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಇದ್ದಾಗ, ಆರನೆಯ ಆವೃತ್ತಿಯನ್ನು ಎಪಿಕ್ ಗೇಮ್ಸ್ ಕೆಲವು ದಿನ ಉಚಿತವಾಗಿ ಕೊಟ್ಟಿತ್ತು.

ಈ ಆವೃತ್ತಿಯಲ್ಲಿ ಮಾಮೂಲಿ ಆಟಕ್ಕೆ 500 ಪಾಳಿ. ಇಷ್ಟು ನಿಧಾನದ ಆಟದಲ್ಲೂ ವೇಗದ ದಾಖಲೆಗೆ ಪೈಪೋಟಿ ಇದೆ. ಅದರಲ್ಲಿ ಎರಡು ಬಗೆ. ಒಂದು, ಗಡಿಯಾರ ಇಟ್ಟುಕೊಂಡು ನಿಮಿಷಗಳಲ್ಲಿ ಮುಗಿಸುವುದು: ಅತಿ ಸಣ್ಣ ನಕಾಶೆ, ಒಬ್ಬನೇ ಎದುರಾಳಿ, ಅವನ ರಾಜಧಾನಿ ಹಿಡಿದರೆ ಮುಗಿಯಿತು. ಇನ್ನೊಂದು, ಗಡಿಯಾರ ನೋಡದೆ ಅತಿ ಕಡಿಮೆ ಪಾಳಿಗಳಲ್ಲಿ ಗೆಲ್ಲುವುದು. ಇಲ್ಲಿ ಒಂದು ಪಾಳಿಗೆ ಅರ್ಧ ಗಂಟೆ ಯೋಚಿಸಿದರೂ ಕೇಳುವವರಿಲ್ಲ, ಆದರೆ ಒಂದು ನಡೆಯೂ ದಂಡವಾಗಬಾರದು. ನನಗೆ ಗೌರವ ಇರುವುದು ಈ ಎರಡನೆಯವರ ಮೇಲೆ. ಮೊದಲನೆಯದರಲ್ಲಿ ಹೆಚ್ಚಿನ ಪಾಲು ಬೆರಳಿನ ಕೆಲಸ.

ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಸ್ಸಿನಲ್ಲಿ ಬರುವ ಗೆಳೆಯರು ಮೊಬೈಲಿನಲ್ಲಿ ಒಂದು ನಿಮಿಷದ ಚೆಸ್ ಆಡುವುದನ್ನು ನೋಡಿದ್ದೇನೆ. ಒಂದೇ ದಾರಿಯಲ್ಲಿ ಇಪ್ಪತ್ತು ಆಟ. ಇಪ್ಪತ್ತರಲ್ಲಿ ಒಂದನ್ನಾದರೂ ಯಾಕೆ ಸೋತಿರಿ ಎಂದು ಕೇಳಿ ನೋಡಿ, ‘ಟೈಮ್ ಹೋಯ್ತು’ ಅನ್ನುತ್ತಾರೆ. ವಿಶ್ವನಾಥನ್ ಆನಂದ್ ಅವರೂ ವೇಗಕ್ಕೆ ಹೆಸರಾದವರೇ, 2017ರಲ್ಲಿ 48ನೆಯ ವಯಸ್ಸಿನಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು. ಆ ವೇಗದ ಹಿಂದೆ ಗಂಟೆಗಟ್ಟಲೆ ಕುಳಿತು ಆಡಿದ ದಶಕಗಳಿವೆ. ನಾವು ಮಾತ್ರ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ ಎಂಬ ಲೆಕ್ಕವನ್ನು ಪ್ರಥಮ ಪಿಯುಸಿಯ ಮೊದಲ ವಾರದಿಂದಲೇ ಹಿಡಿದು ಕೂರುತ್ತೇವೆ.

ದಾಖಲೆಯವರ ಇನ್ನೊಂದು ರೂಢಿ ನನ್ನನ್ನು ಹೆಚ್ಚು ಕಾಡುತ್ತದೆ. ಈ ಆಟದಲ್ಲಿ ಪ್ರತಿ ಸಲವೂ ಹೊಸ ನಕಾಶೆ ಬರುತ್ತದೆ. ಹತ್ತಿರ ಹೊಳೆ ಇಲ್ಲವೇ, ಒಳ್ಳೆಯ ಭೂಮಿ ಇಲ್ಲವೇ, ಅಳಿಸಿ ಮತ್ತೆ ಶುರು. ಅನುಕೂಲದ ನಕಾಶೆ ಸಿಗುವವರೆಗೆ ಹೀಗೇ. ನಾವು ನೋಡುವ ವಿಡಿಯೋದಲ್ಲಿ ಗೆದ್ದ ಆಟವೊಂದೇ ಇರುತ್ತದೆ, ಎಸೆದ ಆಟಗಳು ಇರುವುದಿಲ್ಲ.

ಆಟದಲ್ಲಿ ಇದು ತಪ್ಪಲ್ಲ. ಆದರೆ ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಅಂಕ ಕಡಿಮೆ ಬಂದ ಕೂಡಲೇ ‘ಈ ವರ್ಷ ಹೋಗಲಿ ಬಿಡು, ರಿಪೀಟರ್ ಬ್ಯಾಚ್ ಸೇರಿದರಾಯಿತು’ ಅನ್ನುವ ಮಾತು ನಮ್ಮ ವರಾಂಡದಲ್ಲಿ ಈಗ ಮಾಮೂಲಾಗಿದೆ. ಆ ಬ್ಯಾಚಿನ ಫೀಸು ಕಟ್ಟುವವರು ಅಬ್ಬಾ, ಅಮ್ಮಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿ ಕಡೆಯ ಮನೆಗೂ, ಮಳೆ ನಂಬಿ ಸಜ್ಜೆ ಬಿತ್ತುವ ಕುಷ್ಟಗಿ ಕಡೆಯ ಮನೆಗೂ ಬಂದ ನಕಾಶೆ ಒಂದೇ ಅಲ್ಲ. ಹೊಳೆ ಇಲ್ಲದ ನಕಾಶೆಯನ್ನು ಅಳಿಸುವ ಬಟನ್ ಕುಷ್ಟಗಿಯ ರೈತನ ಕೈಯಲ್ಲಿಲ್ಲ. ಅವರು ಇದ್ದ ಹೊಲದಲ್ಲೇ ಮುಂದಿನ ಪಾಳಿ ಯೋಚಿಸುತ್ತಾರೆ. ಕೆಟ್ಟ ನಕಾಶೆಯನ್ನು ಅಳಿಸದೆ ಆಡಿ ಗೆದ್ದವರ ವಿಡಿಯೋಗಳೂ ಇವೆ. ಅವು ಉದ್ದ, ನೋಡುವವರು ಕಡಿಮೆ. ಕಲಿಯುವುದು ಮಾತ್ರ ಅವುಗಳಲ್ಲೇ ಜಾಸ್ತಿ.

ಉಪನ್ಯಾಸಕರಲ್ಲಿ ಒಂದು ಕೋರಿಕೆ. ಈ ಸಲದ ಕಾಲೇಜು ಚೆಸ್ ಸ್ಪರ್ಧೆಯನ್ನು ಹತ್ತು ನಿಮಿಷಕ್ಕೆ ಮುಗಿಸಬೇಡಿ. ಒಬ್ಬೊಬ್ಬರಿಗೆ ಮೂವತ್ತು ನಿಮಿಷ ಕೊಡಿ, ನಡೆಗಳನ್ನು ಹಾಳೆಯಲ್ಲಿ ಬರೆಸಿ. ಸೋತವರು ಮರುದಿನ ಆ ಹಾಳೆ ತಂದು, ಆಟ ಯಾವ ನಡೆಯಲ್ಲಿ ಕೈತಪ್ಪಿತು ಎಂದು ತೋರಿಸಿದರೆ ಅವರಿಗೂ ಒಂದು ಬಹುಮಾನ ಇರಲಿ. ಬೋರ್ಡ್ ಸಾಲದಿದ್ದರೆ ನಮ್ಮ ತರಗತಿಯಿಂದ ನಾಲ್ಕು ತರುತ್ತೇವೆ.